ಹೊಸ ಬೋಲ್ಟ್ ಆ್ಯಕ್ಷನ್ ರೈಫಲ್ ಗುರಿ ತಪ್ಪುತ್ತಿದ್ದರೆ: ಸ್ಟಾಕ್ ಬದಲಿಸುವ ಮುನ್ನ ನೋಡಬೇಕಾದ ಲಕ್ಷಣಗಳು

ಹೊಸ ರೈಫಲ್ ಕೊಂಡವರು ಮೊದಲ ಕೆಲವು ತಿಂಗಳಲ್ಲಿ ಹೇಳುವ ದೂರುಗಳು ಬೆಳಗಾವಿಯಲ್ಲಾಗಲಿ, ಬಾಗಲಕೋಟೆ, ವಿಜಯಪುರಗಳಲ್ಲಾಗಲಿ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ: ಗುಂಡುಗಳು ಒಂದೆಡೆ ಬೀಳುವುದಿಲ್ಲ, ಬೋಲ್ಟ್ (ಕೈಯಿಂದ ಹಿಂದೆ ಮುಂದೆ ಎಳೆದು ಕಾಡತೂಸನ್ನು ಒಳಗೆ ಮುಚ್ಚುವ ಭಾಗ) ಬಿಗಿಯಾಗಿದೆ, ಮೊನ್ನೆ ಕೂಡಿಸಿದ ಗುರಿ ಇಂದು ಇಲ್ಲ. ಕೇಳಿದವರು ಕೊಡುವ ಸಲಹೆಗಳೂ ಎರಡೇ. ಒಂದು, ನಳಿಗೆ ಇನ್ನೂ ಪಳಗಿಲ್ಲ, ಇನ್ನಷ್ಟು ಗುಂಡು ಹಾರಿಸಬೇಕು ಎಂಬುದು. ಇನ್ನೊಂದು, ಕಂಪನಿಯ ಸ್ಟಾಕ್ (ನಳಿಗೆಯನ್ನು ಹೊತ್ತು ಭುಜಕ್ಕೆ ಊರುವ ಮರದ ಅಥವಾ ಫೈಬರಿನ ಮೈ) ತೆಗೆದು ಹೊರಗಿನದನ್ನು ಹಾಕಿಸಬೇಕು ಎಂಬುದು. ಮೊದಲನೆಯದು ಕಾಡತೂಸುಗಳನ್ನು ತಿನ್ನುತ್ತದೆ, ಎರಡನೆಯದು ಹಣವನ್ನು; ದೋಷ ಮಾತ್ರ ಅನೇಕ ಸಲ ಇದ್ದಲ್ಲೇ ಇರುತ್ತದೆ.

ವರ್ಷಕ್ಕೆ ಎಷ್ಟು ಕಾಡತೂಸು ಕೊಳ್ಳಬಹುದು, ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು ಎಂಬುದು ನಮ್ಮಲ್ಲಿ ಪರವಾನಗಿಯಲ್ಲೇ ನಮೂದಾಗಿರುತ್ತದೆ. ಆದ್ದರಿಂದ ಬೇರೆ ದೇಶದವರು ಪೆಟ್ಟಿಗೆಗಟ್ಟಲೆ ಹಾರಿಸಿ ದೋಷ ಹುಡುಕುವ ಕ್ರಮ ನಮಗೆ ಒಗ್ಗುವುದಿಲ್ಲ. ಪ್ರತಿ ಲಕ್ಷಣದ ಕೆಳಗಿನ ಪರೀಕ್ಷೆಗಳನ್ನು ಈ ಕಾರಣಕ್ಕಾಗಿಯೇ ಆದಷ್ಟು ಕಾಡತೂಸಿನ ಖರ್ಚಿನ ಲೆಕ್ಕದಲ್ಲಿ ಜೋಡಿಸಿದೆ: ಒಂದೂ ಗುಂಡು ಹಾರಿಸದೆ ಆಗುವಂಥವು ಮೊದಲು, ಹಾರಿಸಲೇಬೇಕಾದವು ಆಮೇಲೆ, ಗನ್‌ಸ್ಮಿತ್ (ಬಂದೂಕು ದುರಸ್ತಿಗಾರ) ಬೇಕಾಗುವಂಥವು ಕೊನೆಗೆ. ಕ್ಲಬ್ಬುಗಳಲ್ಲಿ ಬಳಸುವ .22 ರೈಫಲ್ಲನ್ನೂ, ಪರವಾನಗಿಯ ಮೇಲೆ ಜನ ಕೊಳ್ಳುವ .315 ರೈಫಲ್ಲನ್ನೂ ಗಮನದಲ್ಲಿಟ್ಟು ಬರೆದಿದೆ (ಈ ಅಂಕಿಗಳು ನಳಿಗೆಯ ಒಳವ್ಯಾಸದ ಸುಮಾರು ಅಳತೆ, ಇಂಚಿನಲ್ಲಿ).

ಯಾವ ಪರೀಕ್ಷೆಗೂ ಮುನ್ನ

ಮ್ಯಾಗಜೀನ್ ತೆಗೆದು, ಬೋಲ್ಟ್ ಹಿಂದಕ್ಕೆಳೆದು, ಕಾಡತೂಸು ಕೂರುವ ಚೇಂಬರನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿಕೊಳ್ಳಬೇಕು. ರೈಫಲ್ ಬಿಚ್ಚುವ ಕೋಣೆಯಲ್ಲಿ ಕಾಡತೂಸು ಇರಲೇಬಾರದು. ಗುಂಡು ಹಾರಿಸುವ ಪರೀಕ್ಷೆಗಳೆಲ್ಲ ಅನುಮತಿ ಪಡೆದ ಫೈರಿಂಗ್ ರೇಂಜಿನಲ್ಲಿ, ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇಟ್ಟುಕೊಂಡೇ ನಡೆಯಬೇಕು. ಹೊಲದಲ್ಲಿ ಗುರಿ ನೋಡುವ ಅಭ್ಯಾಸ ಕೆಲವರಿಗಿದೆ. ಅದು ಕಾನೂನಿಗೂ ಹೊಂದುವುದಿಲ್ಲ, ವಿವೇಕಕ್ಕೂ ಹೊಂದುವುದಿಲ್ಲ. ವಿಜಯಪುರದ ಎರೆಭೂಮಿಯ ಬಯಲಿನಲ್ಲಿ ಗುಂಡನ್ನು ತಡೆಯುವ ದಿನ್ನೆ ಎಲ್ಲಿದೆ? .22 ರ ಪುಟ್ಟ ಸೀಸದ ಗುಂಡು ಕೂಡ ಒಂದು ಮೈಲಿಗೂ ಆಚೆ ಹೋಗಬಲ್ಲದು, .315 ಅದಕ್ಕಿಂತ ಬಹಳ ದೂರ.

ಬೋಲ್ಟ್ ಬಿಗಿಯಾಗಿದೆ, ಎಳೆದರೆ ಕರಕರ ಎನ್ನುತ್ತದೆ

ಹೊಸ ರೈಫಲ್ ಕಾರ್ಖಾನೆಯಿಂದ ಬರುವಾಗ ತುಕ್ಕು ಹಿಡಿಯದಿರಲೆಂದು ಬಳಿದ ಗಟ್ಟಿ ಗ್ರೀಸಿನೊಂದಿಗೇ ಬರುತ್ತದೆ. ಅದು ಬೋಲ್ಟಿನ ಹಾದಿಯಲ್ಲಿ, ಲಗ್‌ಗಳ (ಮುಚ್ಚಿದ ಬೋಲ್ಟನ್ನು ಬಂಧಿಸುವ ಚಾಚುಗಳ) ಹಿಂದೆ, ಚೇಂಬರಿನ ಒಳಗೆ ಉಳಿದಿದ್ದರೆ ಬೋಲ್ಟ್ ಭಾರವಾಗಿ ಚಲಿಸುತ್ತದೆ. ಕೈಪಿಡಿಯಲ್ಲಿ ಹೇಳಿದಂತೆ ಬೋಲ್ಟ್ ಹೊರತೆಗೆದು, ಹಳೆಯ ಹತ್ತಿ ಪಂಚೆಯ ತುಂಡಿನಿಂದ ಎಲ್ಲವನ್ನೂ ಒರೆಸಿ, ಲಗ್‌ಗಳ ಹಿಂಭಾಗಕ್ಕೆ ಮಾತ್ರ ಚಿಟಿಕೆಯಷ್ಟು ಗ್ರೀಸ್ ಹಚ್ಚಿದರೆ ಅರ್ಧ ದೂರುಗಳು ಅಲ್ಲಿಗೇ ಮುಗಿಯುತ್ತವೆ. ಹಾದಿಗೆ ಎಣ್ಣೆ ಸುರಿಯುವುದು ನಮ್ಮ ಭಾಗದಲ್ಲಿ ಒಳ್ಳೆಯದಲ್ಲ. ಮಾಘ, ಫಾಲ್ಗುಣದ ಗಾಳಿಗೆ ಏಳುವ ಎರೆಮಣ್ಣಿನ ಧೂಳು ಎಣ್ಣೆಯೊಂದಿಗೆ ಕಲೆತು ಸಾಣೆ ಹಿಡಿಯುವ ಲೇಪವಾಗುತ್ತದೆ. ಇದೇ ಸಮಯದಲ್ಲಿ ಬೋಲ್ಟಿನ ಮೇಲಿನ ಸಂಖ್ಯೆಯೂ, ಬೋಲ್ಟ್ ಓಡಾಡುವ ಲೋಹದ ಮೈಯಾದ ರಿಸೀವರಿನ ಸಂಖ್ಯೆಯೂ ಒಂದೇ ಇವೆಯೇ ಎಂದು ನೋಡಿಕೊಳ್ಳಬೇಕು. ಬೇರೆ ಇದ್ದರೆ ಹಾರಿಸದೆ ಮಾರಾಟಗಾರರಲ್ಲಿಗೆ ಮರಳಿಸಬೇಕು.

ಖಾಲಿಯಿದ್ದಾಗ ಸಲೀಸಾಗಿರುವ ಬೋಲ್ಟ್ ಗುಂಡು ಹಾರಿಸಿದ ಮೇಲೆ ಮಾತ್ರ ಏಳಲೊಲ್ಲದು ಎಂದರೆ ಅದು ಬೇರೆಯೇ ಸಂಗತಿ. ಹಾರಿಸಿದ ಖಾಲಿ ಕೇಸನ್ನು (ಕಾಡತೂಸಿನ ಲೋಹದ ಚಿಪ್ಪು) ಬೆಳಕಿಗೆ ಹಿಡಿದು ನೋಡಬೇಕು. ಪ್ರೈಮರ್ (ಬುಡದ ನಡುವಿನ, ಮದ್ದಿಗೆ ಕಿಡಿ ಕೊಡುವ ಬಿಲ್ಲೆ) ಚಪ್ಪಟೆಯಾಗಿ ಅಂಚಿನವರೆಗೆ ಹರಡಿದ್ದರೆ, ಅದರಲ್ಲಿ ತೂತು ಬಿದ್ದಿದ್ದರೆ, ಅದರ ಸುತ್ತ ಮಸಿ ಸೋರಿದ್ದರೆ, ಕೇಸಿನ ಬುಡದ ಸ್ವಲ್ಪ ಮೇಲೆ ಹೊಳೆಯುವ ಉಂಗುರದಂಥ ಗೆರೆ ಮೂಡಿದ್ದರೆ ಒತ್ತಡ ಹೆಚ್ಚಾಗಿದೆ ಅಥವಾ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿಗೂ ಚೇಂಬರಿನಲ್ಲಿ ಕಾಡತೂಸು ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರ) ಅಳತೆ ತಪ್ಪಿದೆ ಎಂದು ಅರ್ಥ. ಆ ಗೆರೆಯ ಬಳಿಯೇ ಕೇಸ್ ಎರಡು ತುಂಡಾಗುವುದು. ಮೇ ತಿಂಗಳ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಕಾದ ಕಾಡತೂಸುಗಳು ಒತ್ತಡವನ್ನು ಏರಿಸುತ್ತವೆ ಎಂಬುದು ನಿಜವಾದರೂ, ಇಂಥ ಗುರುತು ಕಂಡ ಮೇಲೆ ನೆರಳಿನಲ್ಲಿಟ್ಟ ಕಾಡತೂಸಿನಿಂದ ಇನ್ನೊಮ್ಮೆ ನೋಡೋಣ ಎನ್ನುವುದು ಸಲ್ಲದು. ಇಲ್ಲಿಗೆ ನಿಲ್ಲಿಸಿ, ಕೇಸುಗಳನ್ನೂ ರೈಫಲ್ಲನ್ನೂ ಪರವಾನಗಿ ಹೊಂದಿದ ಗನ್‌ಸ್ಮಿತ್‌ಗೆ ತೋರಿಸಬೇಕು.

ಮೊದಲ ಗುಂಡು ಒಂದು ಕಡೆ, ಉಳಿದವು ಇನ್ನೊಂದು ಕಡೆ

ಸ್ವಚ್ಛಗೊಳಿಸಿದ ನಳಿಗೆಯಿಂದ ಹೊರಡುವ ಮೊದಲ ಗುಂಡು ಬೇರೆ ಕಡೆ ಬೀಳುವುದು ದೋಷವಲ್ಲ. ನಳಿಗೆಯಲ್ಲಿ ಉಳಿದ ಎಣ್ಣೆಯ ಪದರವೇ ಅದಕ್ಕೆ ಸಾಕು. ರೇಂಜಿಗೆ ಹೋಗುವ ಮುನ್ನ ಒಣ ಬಟ್ಟೆಯ ತುಂಡನ್ನು ಎರಡು ಸಲ ಹಾಯಿಸಿ, ಮೊದಲ ಒಂದೆರಡು ಗುಂಡನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮುಗಿಯಿತು. .22 ರಲ್ಲಿ ಇದು ಇನ್ನೂ ಸ್ಪಷ್ಟ: ಸೀಸದ ಗುಂಡಿನ ಮೇಲಿನ ಮೇಣ ನಳಿಗೆಗೆ ಸಮವಾಗಿ ಹತ್ತುವವರೆಗೆ, ಕಂಪನಿ ಬದಲಿಸಿದಾಗಲಂತೂ ಹತ್ತು ಹದಿನೈದು ಗುಂಡುಗಳವರೆಗೆ, ಗುಂಪು (ಗುರಿಫಲಕದ ಮೇಲೆ ಗುಂಡುಗಳು ಬಿದ್ದ ಹರವು) ಕೂಡಿ ಬರದಿರಬಹುದು.

ನಳಿಗೆ ಪಳಗಿಸುವ ವಿಧಿಯ ಮಾತು ಇಲ್ಲೇ ಬರುತ್ತದೆ. ಒಂದು ಗುಂಡು, ಒಂದು ಸ್ವಚ್ಛತೆ, ಮತ್ತೆ ಒಂದು ಗುಂಡು ಎನ್ನುವ ಈ ಕ್ರಮದ ಹಿಂದಿನ ವಾದವೇನೆಂದರೆ, ಹೊಸ ನಳಿಗೆಯ ಗಂಟಲಿನಲ್ಲಿ ಉಳಿದ ಉಳಿಯ ಸಣ್ಣ ಗೀರುಗಳು ಗುಂಡಿನ ತಾಮ್ರವನ್ನು ಕೆರೆಯುತ್ತವೆ, ಆ ತಾಮ್ರವನ್ನು ಆಗಾಗ ತೆಗೆಯದಿದ್ದರೆ ಗೀರುಗಳು ಸವೆಯುವುದಿಲ್ಲ ಎಂಬುದು. ನಳಿಗೆ ತಯಾರಿಸುವವರಲ್ಲೇ ಇದರ ಬಗ್ಗೆ ಒಮ್ಮತವಿಲ್ಲ. ಕೆಲವರು ಕೈಪಿಡಿಯಲ್ಲೇ ಅಚ್ಚು ಹಾಕಿಸುತ್ತಾರೆ, ಕೆಲವರು ಇದು ನಳಿಗೆಯ ಆಯುಷ್ಯ ಕಳೆಯುವ ಕೆಲಸ ಎನ್ನುತ್ತಾರೆ. .22 ರ ಗುಂಡಿಗೆ ಸಾಮಾನ್ಯವಾಗಿ ತಾಮ್ರದ ಗಟ್ಟಿ ಹೊದಿಕೆಯೇ ಇಲ್ಲದಿರುವುದರಿಂದ ಅದಕ್ಕೆ ಈ ವಿಧಿ ನಿರರ್ಥಕ. .315 ಕ್ಕೆ ಮಾಡಲೇಬೇಕೆಂದರೆ ಮೊದಲ ಐದಾರು ಗುಂಡುಗಳ ನಡುವೆ ಸ್ವಚ್ಛಗೊಳಿಸಿ, ಹೊರಬಂದ ಬಟ್ಟೆಯನ್ನು ಓದಬೇಕು. ತಾಮ್ರ ಕರಗಿಸುವ ದ್ರಾವಣ ಹಚ್ಚಿದ ಬಟ್ಟೆ ನೀಲಿ ಹಸಿರಾಗಿ ಬಂದರೆ ತಾಮ್ರ ಹತ್ತುತ್ತಿದೆ. ಬಣ್ಣ ಸಲ ಸಲಕ್ಕೂ ತೆಳುವಾಗುತ್ತ ಬಂದರೆ ಅಲ್ಲಿಗೆ ವಿಧಿ ಮುಗಿಯಿತು. ಬರೀ ಕಪ್ಪು ಬಂದರೆ ಅದು ಮದ್ದಿನ ಮಸಿ, ಚಿಂತೆ ಬೇಡ. ವರ್ಷದ ಪಾಲಿನ ಕಾಡತೂಸುಗಳಲ್ಲಿ ದೊಡ್ಡ ಭಾಗವನ್ನು ಪಳಗಿಸುವುದಕ್ಕೇ ಸುರಿಯುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ. ಅಷ್ಟರಲ್ಲಿ ಶೂಟರ್ ತಾನೇ ಪಳಗಬಹುದು.

ಸ್ವಚ್ಛಗೊಳಿಸುವ ರಾಡನ್ನು ಬೋಲ್ಟ್ ತೆಗೆದು ಹಿಂದಿನಿಂದಲೇ ಹಾಕಬೇಕು. ಮುಂದಿನಿಂದ ಹಾಕಿದರೆ ನಳಿಗೆಯ ಬಾಯಿಯ ಅಂಚು ಸವೆಯುತ್ತದೆ, ಅದು ಸವೆದರೆ ಗುರಿ ಶಾಶ್ವತವಾಗಿ ಕೆಡುತ್ತದೆ. ಅಮೋನಿಯಾ ಇರುವ ದ್ರಾವಣವನ್ನು ಗಾಳಿಯಾಡುವ ಕಡೆ ಬಳಸಿ, ಮರದ ಪಾಲಿಶ್ ಮೇಲೆ ಬೀಳದಂತೆ ನೋಡಿಕೊಂಡು, ಹೇಳಿದ ಹೊತ್ತಿಗೆ ಒರೆಸಿ ತೆಗೆಯಬೇಕು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ರೊಟ್ಟಿ ಮುರಿಯಬಾರದು; ಸೀಸ ವಿಷ.

ಗುಂಡುಗಳು ಎಲ್ಲೆಂದರಲ್ಲಿ ಚೆದುರುತ್ತವೆ

ಚೆದುರುವುದು ಎಂದರೆ ಎಷ್ಟು ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. 50 ಮೀಟರ್ ರೈಫಲ್ ಸ್ಪರ್ಧೆಯ ಗುರಿಫಲಕದಲ್ಲಿ ಹತ್ತರ ವೃತ್ತದ ವ್ಯಾಸ ಕೇವಲ 10.4 ಮಿ.ಮೀ. ಸಾಮಾನ್ಯ ಕಾಡತೂಸು ಹಾಕಿದ ಹೊಸ .22 ಅದೇ ದೂರದಲ್ಲಿ 25 ಮಿ.ಮೀ. ಗುಂಪು ಕೊಟ್ಟರೆ ರೈಫಲ್ಲನ್ನು ದೂರುವ ಕಾರಣವಿಲ್ಲ. ಬರಿಗಣ್ಣಿನ ಸೈಟಿನ .315 ನೂರು ಮೀಟರಿನಲ್ಲಿ ಮೂರ್ನಾಲ್ಕು ಇಂಚಿನೊಳಗೆ ಹಾಕಿದರೆ ಅದು ತನ್ನ ಕೆಲಸ ಮಾಡುತ್ತಿದೆ. ಮೂರು ಗುಂಡಿನ ಒಂದು ಗುಂಪು ನೋಡಿ ತೀರ್ಪು ಕೊಡಬಾರದು, ಐದರ ಎರಡು ಗುಂಪಾದರೂ ಬೇಕು.

ನಿಜವಾಗಿಯೂ ಚೆದುರುತ್ತಿದ್ದರೆ ಸ್ಕ್ರೂಗಳಿಂದ ಆರಂಭಿಸಬೇಕು. ಗುರಿ ನೋಡುವ ದುರ್ಬೀನಾದ ಸ್ಕೋಪನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿದಾಗ ಕೂದಲೆಳೆಯಷ್ಟು ಅಲುಗಿದರೂ ಗುಂಪು ಒಡೆಯುತ್ತದೆ. ಅದನ್ನು ಹಿಡಿದಿರುವ ರಿಂಗಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ 15 ರಿಂದ 20 ಇಂಚ್-ಪೌಂಡ್ ಬಿಗಿತ ಸಾಕು. ಹೆಚ್ಚಾದರೆ ಸ್ಕೋಪಿನ ಕೊಳವೆಯೇ ನಲುಗುತ್ತದೆ. ಆಮೇಲೆ ರಿಸೀವರನ್ನು ಸ್ಟಾಕಿಗೆ ಹಿಡಿದಿರುವ ಆ್ಯಕ್ಷನ್ ಸ್ಕ್ರೂಗಳು. ಇವುಗಳ ಬಿಗಿತ ತಯಾರಕರಿಂದ ತಯಾರಕರಿಗೆ, ಮರದಿಂದ ಫೈಬರಿಗೆ ಬಹಳ ಬೇರೆಯಾಗುವುದರಿಂದ ಕೈಪಿಡಿಯ ಅಂಕಿಯನ್ನೇ ಅನುಸರಿಸಬೇಕು. ಸ್ಟಾಕಿನ ಹಿಂತುದಿಯಾದ ಬಟ್ಟನ್ನು ನೆಲಕ್ಕೆ ಊರಿ, ನಳಿಗೆ ಮೇಲೆ ಮಾಡಿ ರೈಫಲ್ಲನ್ನು ನೆಟ್ಟಗೆ ನಿಲ್ಲಿಸಿ, ಒಮ್ಮೆ ಮೆಲ್ಲಗೆ ಕುಟ್ಟಿದರೆ ಗುಂಡಿನ ಒದೆತವನ್ನು ಸ್ಟಾಕಿಗೆ ದಾಟಿಸುವ ರಿಕಾಯಿಲ್ ಲಗ್ ತನ್ನ ಜಾಗದಲ್ಲಿ ಹಿಂದಕ್ಕೆ ಕೂರುತ್ತದೆ. ಆಗ ಮುಂದಿನ ಸ್ಕ್ರೂ, ಹಿಂದಿನ ಸ್ಕ್ರೂ ಎಂದು ಸ್ವಲ್ಪ ಸ್ವಲ್ಪವಾಗಿ ಬಿಗಿಸಬೇಕು. ಬಿಗಿತ ಅಳೆಯುವ ಟಾರ್ಕ್ ಸ್ಕ್ರೂಡ್ರೈವರ್ ದುಬಾರಿ ಎನ್ನಿಸಬಹುದು, ಆದರೆ ಹೊಸ ಸ್ಟಾಕಿನ ಬೆಲೆಯ ಮುಂದೆ ಅದು ಏನೂ ಅಲ್ಲ.

ಸ್ಕ್ರೂಗಳು ಸರಿಯಿದ್ದರೆ ನಳಿಗೆಯ ಬಾಯಿ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಳಗಿನಿಂದ ಹೊರಕ್ಕೆ ಅಂಚಿನ ಸುತ್ತ ಎಳೆದಾಗ ಒಂದೇ ಜಾಗದಲ್ಲಿ ಎಳೆ ಸಿಕ್ಕಿಕೊಳ್ಳುತ್ತಿದ್ದರೆ ಅಲ್ಲಿ ಮುಳ್ಳು ಎದ್ದಿದೆ. ಅದನ್ನು ಅರದಿಂದ ಉಜ್ಜುವ ಸಾಹಸ ಬೇಡ, ಅದು ಗನ್‌ಸ್ಮಿತ್‌ನ ಕೆಲಸ.

ಸ್ಕ್ರೂ ಮತ್ತು ನಳಿಗೆಯ ಬಾಯಿಯ ಈ ಪರೀಕ್ಷೆಗಳಿಗೆ ಒಂದೂ ಕಾಡತೂಸು ಖರ್ಚಾಗಿಲ್ಲ. ಇನ್ನು ರೇಂಜಿನಲ್ಲಿ ನೋಡಬೇಕಾದದ್ದು ಕಾಡತೂಸನ್ನೇ. ಒಂದೇ ಕಂಪನಿಯ ಎರಡು ಪೆಟ್ಟಿಗೆಗಳ ಲಾಟ್ (ತಯಾರಿಕೆಯ ಕಂತು) ಸಂಖ್ಯೆ ಬೇರೆಯಾದರೆ .22 ರಲ್ಲಿ ಗುಂಪು ಕಣ್ಣಿಗೆ ಕಾಣುವಷ್ಟು ಬದಲಾಗುತ್ತದೆ. ಸಿಗುವ ಎರಡು ಮೂರು ಬಗೆಯಲ್ಲಿ ಹತ್ತು ಹತ್ತು ಹಾರಿಸಿ, ರೈಫಲ್ ಒಪ್ಪಿದ್ದನ್ನು ಒಂದೇ ಲಾಟಿನಲ್ಲಿ ಕೊಳ್ಳುವುದು ಹೊಸ ಸ್ಟಾಕ್‌ಗಿಂತ ಹೆಚ್ಚಿನ ಫಲ ಕೊಟ್ಟೀತು. ಪರೀಕ್ಷೆಯ ಹೊತ್ತಿನಲ್ಲಿ ಮರಳಿನ ಚೀಲದ ಮೇಲೆ ಸ್ಟಾಕಿನ ಮುಂಭಾಗವನ್ನು ಊರಬೇಕೇ ಹೊರತು ನಳಿಗೆಯನ್ನಲ್ಲ. ಸ್ಕೋಪಿನಲ್ಲಿ ನೋಡುತ್ತ ತಲೆ ಮಾತ್ರ ಆಚೀಚೆ ಸರಿಸಿದಾಗ ಅದರೊಳಗಿನ ಕತ್ತರಿ ಗೆರೆ (ಕ್ರಾಸ್‌ಹೇರ್) ಗುರಿಯ ಮೇಲೆ ತೇಲಿದಂತೆ ಕಂಡರೆ ಅದು ಪ್ಯಾರಲಾಕ್ಸ್. ನೂರು ಗಜಕ್ಕೆ ಹೊಂದಿಸಿದ ಸ್ಕೋಪನ್ನು .22 ರ ಮೇಲೆ ಕೂರಿಸಿ 50 ಮೀಟರಿನಲ್ಲಿ ಹಾರಿಸುವವರಿಗೆ ಇದು ಸಾಮಾನ್ಯ.

ನಳಿಗೆ ಬಿಸಿಯಾದಂತೆ ಗುಂಪು ಒಂದೇ ದಿಕ್ಕಿಗೆ ಸರಿಯುತ್ತದೆ

ತಣ್ಣಗಿದ್ದಾಗ ಮೊದಲೆರಡು ಗುಂಡು ಕೂಡಿ ಬಿದ್ದು, ಆಮೇಲಿನವು ಮೇಲಕ್ಕೋ ಓರೆಯಾಗಿ ಪಕ್ಕಕ್ಕೋ ಸಾಲುಗಟ್ಟಿ ಹೋಗುತ್ತಿದ್ದರೆ, ಬಿಸಿಯಾಗಿ ಹಿಗ್ಗಿದ ನಳಿಗೆ ಸ್ಟಾಕಿನ ಯಾವುದೋ ಜಾಗಕ್ಕೆ ತಾಗುತ್ತಿದೆ ಎಂಬ ಶಂಕೆ ಮೊದಲು ಬರಬೇಕು. ಒಂದು ಕಾಗದದ ಪಟ್ಟಿಯನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ, ಎರಡೂ ತುದಿ ಹಿಡಿದು ರಿಸೀವರಿನ ಕಡೆಗೆ ಎಳೆಯುತ್ತ ಹೋಗಬೇಕು. ನಡುವೆ ನಿಂತುಹೋದ ಜಾಗದಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡು, ರಿಸೀವರನ್ನು ಬಿಚ್ಚಿ ನೋಡಿದರೆ ಅಲ್ಲಿ ಮರ ಹೊಳಪಾಗಿ ಉಜ್ಜಿಕೊಂಡಿರುವುದೂ, ನಳಿಗೆಯ ಕಪ್ಪು ಬಣ್ಣ ಉಗುರಿನಷ್ಟು ಅಗಲಕ್ಕೆ ಮಾಸಿರುವುದೂ ಬಹಳ ಸಲ ಕಾಣುತ್ತದೆ. ಕೆಲವು ಮಾದರಿಗಳಲ್ಲಿ ಸ್ಟಾಕಿನ ತುದಿಯಲ್ಲಿ ಬೇಕೆಂದೇ ನಳಿಗೆಯನ್ನು ಒತ್ತಿ ಹಿಡಿಯುವ ಒತ್ತುಗಟ್ಟೆ ಇಟ್ಟಿರುತ್ತಾರೆ, ಕೈಪಿಡಿ ನೋಡದೆ ಅದನ್ನು ಕೆರೆದು ಹಾಕಬಾರದು. ಬ್ರಿಟಿಷ್ ಸೇನೆಯ ಹಳೆಯ ಮಾದರಿಯಾದ ಲೀ-ಎನ್‌ಫೀಲ್ಡ್ ವಂಶದ ರೈಫಲ್ಲುಗಳಲ್ಲಿ ಮುಂದಿನ ಮರವೂ ಹಿಂದಿನ ಬಟ್ಟೂ ಬೇರೆ ಬೇರೆ ತುಂಡುಗಳಾಗಿದ್ದು, ಮುಂದಿನ ಮರದ ಹೊಂದಾಣಿಕೆಯೇ ಒಂದು ಕುಶಲ ವಿದ್ಯೆ. ಅದಕ್ಕೆ ಕೈಹಾಕುವುದು ಬಲ್ಲವರಿಗೇ ಇರಲಿ.

ಕಾಗದ ಸಲೀಸಾಗಿ ಹಾದುಹೋದರೂ ಗುಂಪು ಸರಿಯುತ್ತಿದ್ದರೆ ರಿಸೀವರ್ ತನ್ನ ಹಾಸಿನಲ್ಲಿ ಬಳುಕಿ ಕೂತಿದೆಯೇ ಎಂದು ನೋಡಬೇಕು. ನಳಿಗೆಯೂ ಸ್ಟಾಕಿನ ತುದಿಯೂ ಸೇರುವಲ್ಲಿ ಬೆರಳಿಟ್ಟು, ಇನ್ನೊಬ್ಬರಿಂದ ಮುಂದಿನ ಆ್ಯಕ್ಷನ್ ಸ್ಕ್ರೂವನ್ನು ಸಡಿಲಿಸಿ ಬಿಗಿಸಿ ಮಾಡಿಸಿದಾಗ ಬೆರಳಿಗೆ ಸ್ಪಷ್ಟವಾಗಿ ಚಲನೆ ಗೊತ್ತಾದರೆ ಬೆಡ್ಡಿಂಗ್, ಅಂದರೆ ರಿಸೀವರ್ ಸ್ಟಾಕಿನಲ್ಲಿ ಕೂತ ರೀತಿ, ಸರಿಯಿಲ್ಲ. ಡಯಲ್ ಗೇಜ್ ಇದ್ದವರು ಇಂಚಿನ ಸಾವಿರ ಭಾಗಗಳಲ್ಲಿ ಎರಡರೊಳಗಿನ ಚಲನೆಯನ್ನು ಒಳ್ಳೆಯದೆಂದು, ಐದನ್ನು ಮೀರಿದ್ದನ್ನು ಕೆಟ್ಟದ್ದೆಂದು ಎಣಿಸುತ್ತಾರೆ. ಇದಕ್ಕೆ ಪರಿಹಾರವೆಂದರೆ ಈಗಿರುವ ಸ್ಟಾಕಿಗೇ ಎಪಾಕ್ಸಿ (ಗಟ್ಟಿಯಾಗುವ ಅಂಟು) ಹಾಸು ಹಾಕಿಸುವುದು. ಹೊಸ ಸ್ಟಾಕ್ ಅಲ್ಲ.

ಬೇಸಿಗೆಯಲ್ಲಿ ಕೂಡಿಸಿದ ಗುರಿ ಮಳೆಗಾಲದಲ್ಲಿ ಉಳಿದಿಲ್ಲ

ಈ ಮೂರು ಜಿಲ್ಲೆಗಳವರಿಗೆ ಎಲ್ಲಕ್ಕಿಂತ ಮುಖ್ಯವಾದ ಲಕ್ಷಣ ಇದೆಂದು ನನ್ನ ಎಣಿಕೆ, ಮತ್ತು ಹೊರಗಿನ ಕೈಪಿಡಿಗಳಲ್ಲಿ ಇದಕ್ಕೆ ಸಿಗುವ ಜಾಗ ತೀರ ಕಡಿಮೆ. ಮರ ತೇವ ಹೀರಿದಾಗ ಎಳೆಯ ಉದ್ದಕ್ಕೆ ಬಹುತೇಕ ಬದಲಾಗುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಖಾನಾಪುರದ ಕಡೆಯ ಹಳೆಯ ಮನೆಗಳಲ್ಲಿ ಆಷಾಢ ಬಂದೊಡನೆ ಬಾಗಿಲು ಚೌಕಟ್ಟಿಗೆ ಉಜ್ಜಿ ನಿಂತು, ಶಿವರಾತ್ರಿಯ ಹೊತ್ತಿಗೆ ತಾನಾಗಿ ಸಲೀಸಾಗುವಂತೆಯೇ, ಸ್ಟಾಕಿನಲ್ಲಿ ನಳಿಗೆ ಕೂರುವ ಕಾಲುವೆಯ ಎರಡು ಗೋಡೆಗಳೂ ಮಳೆಗಾಲದಲ್ಲಿ ಒಳಕ್ಕೆ ಒತ್ತುತ್ತವೆ. ಏಪ್ರಿಲ್‌ನಲ್ಲಿ ಕಾಗದ ಹಾದುಹೋಗುತ್ತಿದ್ದ ಸಂದಿಯಲ್ಲಿ ಜುಲೈನಲ್ಲಿ ಅದು ನಿಲ್ಲುತ್ತದೆ. ಇದಕ್ಕೆ ವಿರುದ್ಧವಾದದ್ದು ವಿಜಯಪುರದಲ್ಲಿ ನಡೆಯುತ್ತದೆ: ನಲವತ್ತು ಡಿಗ್ರಿ ದಾಟುವ ಒಣ ಬೇಸಿಗೆಯಲ್ಲಿ ಮರ ಕುಗ್ಗಿ, ಬಿಗಿಯಾಗಿದ್ದ ಆ್ಯಕ್ಷನ್ ಸ್ಕ್ರೂ ತಾನಾಗಿ ಸಡಿಲಾದಂತಾಗುತ್ತದೆ. ಬೆಳಗಾವಿಯಲ್ಲಿ ಕೊಂಡು ವಿಜಯಪುರದಲ್ಲಿ ಇಟ್ಟುಕೊಂಡ ರೈಫಲ್, ಅಥವಾ ತಿರುಗಾಗಿ, ಒಂದು ವರ್ಷ ಪೂರ್ತಿ ಹೀಗೆ ಅಲೆಯುತ್ತಿರುತ್ತದೆ.

ಆದ್ದರಿಂದ ಕಾಗದದ ಪರೀಕ್ಷೆಯನ್ನೂ ಸ್ಕ್ರೂಗಳ ಬಿಗಿತವನ್ನೂ ವರ್ಷಕ್ಕೆರಡು ಸಲ, ಮೇ ಕೊನೆಗೊಮ್ಮೆ ಮತ್ತು ದಸರೆಯ ಆಚೆಗೊಮ್ಮೆ, ನೋಡಿ ಬರೆದಿಟ್ಟುಕೊಳ್ಳಬೇಕು. ಎರಡೂ ಋತುವಿನಲ್ಲಿ ಗುರಿ ಬೇರೆ ಬೇರೆ ಕಡೆ ಸರಿದು, ಪ್ರತಿ ವರ್ಷ ಅದೇ ಜಾಗಕ್ಕೆ ಮರಳುತ್ತಿದ್ದರೆ ನಳಿಗೆ ನಿರ್ದೋಷಿ, ಮರ ಮಾತ್ರ ಅಪರಾಧಿ. ಸ್ಟಾಕಿನ ಹೊರಮೈಗೆ ಪಾಲಿಶ್ ಇದ್ದು ಒಳಕಾಲುವೆ, ಸ್ಕ್ರೂ ತೂತುಗಳು, ಬಟ್‌ಪ್ಲೇಟಿನ ಕೆಳಗಿನ ಮರ ಬರಿದಾಗಿರುವುದು ಸಾಮಾನ್ಯ. ತೇವ ಹೋಗುವುದು ಅಲ್ಲಿಂದಲೇ. ಒಣ ಋತುವಿನಲ್ಲಿ ಆ ಜಾಗಗಳಿಗೆ ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಯನ್ನೋ ವಾರ್ನಿಷನ್ನೋ ತೆಳುವಾಗಿ ಹಲವು ಕೈ ಹಚ್ಚಿದರೆ ಅಲೆದಾಟ ಬಹಳ ತಗ್ಗುತ್ತದೆ. ಅಗಸೆ ಎಣ್ಣೆ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಅದು ತಾನಾಗಿ ಹೊತ್ತಿಕೊಳ್ಳಬಲ್ಲದು, ಹರಡಿ ಒಣಗಿಸಬೇಕು. ಮಳೆಗಾಲದಲ್ಲಿ ಸ್ಪಂಜಿನ ಚೀಲದೊಳಗೆ ರೈಫಲ್ ಇಟ್ಟು ಬೀರುವಿಗೆ ಹಾಕುವುದೂ ತಪ್ಪು. ಸ್ಪಂಜು ಹಿಡಿದ ತೇವ ತಿಂಗಳೊಳಗೆ ನಳಿಗೆಯ ಮೇಲೆ ಕೆಂಪು ಚುಕ್ಕೆಗಳಾಗಿ ಕಾಣಿಸುತ್ತದೆ.

ಕ್ಲಿಕ್ ಎಂದಿತು, ಹಾರಲಿಲ್ಲ. ಅಥವಾ ಸದ್ದು ಮೆತ್ತಗಾಯಿತು

ಹಾರದಿದ್ದಾಗ ನಳಿಗೆಯನ್ನು ಗುರಿಯ ದಿಕ್ಕಿಗೇ ಹಿಡಿದು ಒಂದು ನಿಮಿಷ ಕಾಯಬೇಕು, ತಡವಾಗಿ ಹಾರುವುದುಂಟು. ಆಮೇಲೆ ಹೊರತೆಗೆದ ಕಾಡತೂಸಿನ ಮೇಲೆ ಅದನ್ನು ಬಡಿಯುವ ಪಿನ್ನಿನ ಗುರುತು ಮಾಸಲಾಗಿದ್ದರೆ ಬೋಲ್ಟಿನೊಳಗಿನ ಗ್ರೀಸ್ ಪಿನ್ನನ್ನು ತಡೆಯುತ್ತಿರಬಹುದು, ಗುರುತು ಆಳವಾಗಿದ್ದರೆ ಕಾಡತೂಸೇ ಕೆಟ್ಟಿರಬಹುದು.

ಸದ್ದು ಎಂದಿನಂತಿರದೆ ಮೆತ್ತಗೆ ಪುಸ್ ಎಂದರೆ ಮುಂದಿನ ಗುಂಡನ್ನು ಯಾವ ಕಾರಣಕ್ಕೂ ಹಾರಿಸಬಾರದು. ಹಿಂದಿನ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು, ಅದರ ಹಿಂದೆ ಇನ್ನೊಂದು ಹೋದರೆ ನಳಿಗೆ ಒಡೆಯುತ್ತದೆ. ಬೋಲ್ಟ್ ತೆಗೆದು, ಚೇಂಬರ್ ಖಾಲಿಯಿದೆ ಎಂದು ಖಚಿತಪಡಿಸಿಕೊಂಡು ಹಿಂದಿನಿಂದ ಬೆಳಕು ನೋಡಬೇಕು. ಬೆಳಕು ಕಾಣದಿದ್ದರೆ ರೇಂಜ್ ಅಧಿಕಾರಿಗೆ ತಿಳಿಸಿ ಅಲ್ಲಿಗೇ ಮುಗಿಸಬೇಕು.

ಕೆನ್ನೆ ಕೂಡುವುದಿಲ್ಲ, ಭುಜ ನೋಯುತ್ತದೆ

ಹೊರಗಿನ ಸ್ಟಾಕ್ ಕೊಳ್ಳಲು ನ್ಯಾಯವಾದ ಕಾರಣ ಇದೊಂದೇ ಎನ್ನಬಹುದು: ರೈಫಲ್ ಮೈಗೆ ಹೊಂದದಿರುವುದು. ಸ್ಕೋಪಿನಲ್ಲಿ ಪೂರ್ತಿ ವೃತ್ತ ಕಾಣಲು ಕೆನ್ನೆಯನ್ನು ಮರದಿಂದ ಎತ್ತಬೇಕಾಗುತ್ತದೆ ಎಂದರೆ ಸ್ಟಾಕಿನ ಬೆನ್ನು ತಗ್ಗಾಗಿದೆ. ಕತ್ತು ಮುಂದೆ ಚಾಚಬೇಕಾಗುತ್ತದೆ ಎಂದರೆ ಟ್ರಿಗರಿನಿಂದ ಬಟ್ಟಿನವರೆಗಿನ ಉದ್ದ ಹೆಚ್ಚಾಗಿದೆ. ಕಾರ್ಖಾನೆಯ ಸ್ಟಾಕುಗಳಲ್ಲಿ ಇದು ಸುಮಾರು ಹದಿಮೂರೂವರೆ ಇಂಚು ಇರುತ್ತದೆ, ಗಿಡ್ಡ ಮೈಕಟ್ಟಿನವರಿಗೂ ಎಳೆಯ ಶೂಟರುಗಳಿಗೂ ಅದು ದೊಡ್ಡದೇ. ಆದರೂ ಮೊದಲು ಅಗ್ಗದ ಉಪಾಯ ಮಾಡಿ ನೋಡಬೇಕು. ಕೆನ್ನೆಯ ಜಾಗಕ್ಕೆ ಫೋಮಿನ ಪದರಗಳನ್ನಿಟ್ಟು ಟೇಪು ಸುತ್ತಿ, ಕಣ್ಣು ಮುಚ್ಚಿ ರೈಫಲ್ ಏರಿಸಿ, ಕಣ್ಣು ತೆರೆದಾಗ ಸ್ಕೋಪು ನೇರ ಕಾಣುವವರೆಗೆ ಪದರ ಹೆಚ್ಚಿಸುತ್ತ ಹೋದರೆ ಬೇಕಾದ ಎತ್ತರ ತಿಳಿಯುತ್ತದೆ. ಬಟ್ಟಿಗೆ ರಬ್ಬರ್ ಪ್ಯಾಡ್ ಹಾಕಿದರೆ ಭುಜದ ನೋವಿಗೂ ಅರ್ಧ ಪರಿಹಾರ ಸಿಕ್ಕೀತು. ಇಷ್ಟರಿಂದ ಗುಂಪು ಕೂಡಿದರೆ ಹೊಸದರ ಅಗತ್ಯವೇ ಇಲ್ಲ.

ಎಲ್ಲ ನೋಡಿಯೂ ಹೊರಗಿನ ಸ್ಟಾಕೇ ಬೇಕೆನಿಸಿದರೆ

ಪದರ ಪದರ ಮರವನ್ನು ಅಂಟಿಸಿದ ಲ್ಯಾಮಿನೇಟ್ ಸ್ಟಾಕ್ ಒಂದೇ ತುಂಡಿನ ಮರಕ್ಕಿಂತ ಕಡಿಮೆ ಅಲೆದಾಡುತ್ತದೆ, ಆದರೆ ಭಾರ. ಫೈಬರ್‌ಗ್ಲಾಸ್ ಹಗುರವೂ ಸ್ಥಿರವೂ ಹೌದು, ಆದರೆ ಬೆಲೆ ಹೆಚ್ಚು. ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಪ್ಲಾಸ್ಟಿಕ್ ಸ್ಟಾಕಿಗೆ ಮಳೆಯ ಭಯವಿಲ್ಲ, ಆದರೆ ಚೀಲದ ಮೇಲೆ ಊರಿದಾಗ ಮುಂಭಾಗ ಬಾಗಿ ನಳಿಗೆಗೆ ತಾಗುವಂಥವು ಹಲವಿವೆ. ಅದನ್ನು ಕೊಂಡರೆ ಇದ್ದ ದೋಷವನ್ನೇ ಹಣ ಕೊಟ್ಟು ತಂದಂತೆ. ಸ್ಟಾಕಿನ ಬದಲು ಬಳಸುವ ಅಲ್ಯೂಮಿನಿಯಂ ಚಾಸಿಗಳು ಬೆಡ್ಡಿಂಗಿನ ತಲೆನೋವನ್ನು ಬಹುಪಾಲು ನೀಗಿಸುತ್ತವೆ, ಆದರೆ ಅವು ತಯಾರಾಗುವುದು ವಿದೇಶದ ಜನಪ್ರಿಯ ರಿಸೀವರುಗಳ ಅಳತೆಗೆ. ನಮ್ಮ .315 ಕ್ಕೆ ನೇರವಾಗಿ ಕೂರುವಂಥದ್ದು ಸಿಗುತ್ತದೆ ಎಂದು ಯಾರಾದರೂ ಹೇಳಿದರೆ, ರಿಸೀವರಿನ ಅಳತೆಗಳನ್ನು ಲಿಖಿತವಾಗಿ ಹೋಲಿಸಿ ನೋಡುವವರೆಗೆ ಮುಂಗಡ ಕೊಡಬಾರದು.

1959 ರ ಶಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಬಂದೂಕಿನ ಬಿಡಿಭಾಗಗಳೂ ಬಂದೂಕೆಂದೇ ಎಣಿಕೆಯಾಗುತ್ತವೆ, ಮತ್ತು ದುರಸ್ತಿ, ಮಾರ್ಪಾಡು ಮಾಡುವವರಿಗೂ ಅದೇ ಕಾಯ್ದೆಯಡಿ ಪರವಾನಗಿ ಬೇಕು. ಆದ್ದರಿಂದ ಸ್ಟಾಕ್ ತರಿಸುವ ಮುನ್ನ, ಅದರಲ್ಲೂ ವಿದೇಶದಿಂದ ತರಿಸುವ ಮುನ್ನ, ನಿಮ್ಮ ಪರವಾನಗಿ ಕೊಟ್ಟ ಪ್ರಾಧಿಕಾರಕ್ಕೆ ಅರ್ಜಿ ಬರೆದು ಉತ್ತರವನ್ನು ಲಿಖಿತವಾಗಿ ಪಡೆಯಬೇಕು. ಊರಿನ ಬಡಿಗೇರ ಎಷ್ಟೇ ಕುಶಲನಾಗಿರಲಿ, ಅಳತೆಗೆಂದು ರೈಫಲ್ಲನ್ನು ಅವನ ಅಂಗಡಿಯಲ್ಲಿ ಬಿಟ್ಟು ಬರುವುದು ಇಬ್ಬರನ್ನೂ ಠಾಣೆಗೆ ಕರೆದೊಯ್ಯುತ್ತದೆ. ಗನ್‌ಸ್ಮಿತ್‌ನಲ್ಲಿಗೆ ಒಯ್ಯುವಾಗ ಮೂಲ ಪರವಾನಗಿ ಜೊತೆಗಿರಬೇಕು, ರೈಫಲ್ ಖಾಲಿಯಾಗಿ ಪೆಟ್ಟಿಗೆಯಲ್ಲಿರಬೇಕು, ಬಿಟ್ಟು ಬರುವುದಾದರೆ ಸಂಖ್ಯೆ ನಮೂದಿಸಿದ ರಸೀದಿ ಪಡೆಯಬೇಕು.

ಹೊಸ ಸ್ಟಾಕ್ ಕೂರಿಸಿದ ಮೇಲೆ, ಕಾಡತೂಸಿಲ್ಲದೆ, ಬೋಲ್ಟ್ ಪೂರ್ತಿ ಮುಚ್ಚಿದಾಗ ಅದರ ಹಿಡಿ ಮರಕ್ಕೆ ತಾಗುತ್ತದೆಯೇ, ಸೇಫ್ಟಿ ಎರಡೂ ಕಡೆ ಪೂರ್ತಿ ಚಲಿಸುತ್ತದೆಯೇ, ಸೇಫ್ಟಿ ಹಾಕಿ ಟ್ರಿಗರ್ ಎಳೆದು ಬಿಟ್ಟು ಆಮೇಲೆ ಸೇಫ್ಟಿ ತೆಗೆದಾಗ ಪಿನ್ ತಾನಾಗಿ ಬೀಳುತ್ತದೆಯೇ, ಆ್ಯಕ್ಷನ್ ಸ್ಕ್ರೂ ಉದ್ದವಾಗಿ ಬೋಲ್ಟಿನ ಹಾದಿಗೆ ಚಾಚಿದೆಯೇ ಎಂದು ನೋಡಬೇಕು. ಹಿಡಿ ತಾಗಬಾರದು, ಸೇಫ್ಟಿ ಪೂರ್ತಿ ಚಲಿಸಬೇಕು, ಪಿನ್ ಬೀಳಬಾರದು, ಸ್ಕ್ರೂ ಚಾಚಿರಬಾರದು; ಇವುಗಳಲ್ಲಿ ಒಂದು ಸರಿಯಿಲ್ಲದಿದ್ದರೂ ರೇಂಜಿಗೆ ಹೋಗುವಂತಿಲ್ಲ. ಎಲ್ಲ ಸರಿಯಿದ್ದರೆ ಕಾಗದದ ಪಟ್ಟಿಯ ಪರೀಕ್ಷೆ, ಆಮೇಲೆ ಮೊದಲಿನ ಲಾಟಿನದೇ ಕಾಡತೂಸಿನಿಂದ ಐದರ ಎರಡು ಗುಂಪು. ಹಳೆಯ ಸ್ಟಾಕಿನ ಗುಂಪುಗಳ ಕಾಗದವನ್ನು ದಿನಾಂಕ ಹಾಕಿ ಇಟ್ಟಿದ್ದರೆ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಬಹುದು. ಕಂಪನಿಯ ಸ್ಟಾಕನ್ನು ಕತ್ತರಿಸದೆ, ಕೆರೆಯದೆ, ಅದರ ಸ್ಕ್ರೂಗಳೊಂದಿಗೆ ಕಟ್ಟಿ ಒಣ ಜಾಗದಲ್ಲಿ ಇಡಬೇಕು. ರೈಫಲ್ಲನ್ನು ಮುಂದೆ ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.